ಎಮ್ಮೆಲ್ಲೆ ಮನೆ ಬಾಗಿಲಿಗೆ ಹೋಗುವ ಮುಂಚೆ

13 ವರ್ಷ ಶಾಸಕರ ಆಪ್ತ ಸಹಾಯಕನಾಗಿದ್ದೆ. ಊರವರ ಬಾಯಲ್ಲಿ ಪಿಎ. ಇಬ್ಬರು ಶಾಸಕರು, ಎರಡು ಪಕ್ಷ, ನನಗೆ ಮಾತ್ರ ಅದೇ ಮೇಜು, ಅದೇ ಕುರ್ಚಿ. ಬೆಳಿಗ್ಗೆ ಆರೂವರೆಗೆ ಗೇಟು ತೆಗೆದರೆ ಆಗಲೇ ಮೂವತ್ತು ಜನ ನಿಂತಿರುತ್ತಿದ್ದರು. ಒಬ್ಬರ ಕೈಯಲ್ಲಿ ಅರ್ಜಿ, ಇನ್ನೊಬ್ಬರ ಕೈಯಲ್ಲಿ ಮದುವೆ ಕಾರ್ಡು, ಮತ್ತೊಬ್ಬರ ಕೈಯಲ್ಲಿ ಎಕ್ಸ್‌ರೇ ಕವರು. 2019ರಲ್ಲಿ ಆ ಕೆಲಸ ಬಿಟ್ಟೆ. ಈಗಲೂ ನೆಂಟರು ಫೋನ್ ಮಾಡಿ, "ಎಮ್ಮೆಲ್ಲೆಗೆ ಒಂದು ಮಾತು ಹೇಳ್ತೀರಾ?" ಅಂತ ಕೇಳುತ್ತಾರೆ. ಹೇಳುವುದಿಲ್ಲ. ಹೇಗೆ ಹೋಗಬೇಕು, ಏನು ಕೇಳಬೇಕು ಅನ್ನುವುದನ್ನು ಮಾತ್ರ ಹೇಳಿಕೊಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಯಾವ ಕ್ಷೇತ್ರ, ಯಾವ ಶಾಸಕರು ಅಂತ ಕೇಳಬೇಡಿ. ನಾನಿನ್ನೂ ಅದೇ ತಾಲ್ಲೂಕಿನಲ್ಲಿ ಬದುಕಬೇಕು.

ಮೊದಲು ಷರಾ ಓದುವುದನ್ನು ಕಲಿಯಿರಿ

ನೀವು ಅರ್ಜಿ ಕೊಡುತ್ತೀರಿ. ಶಾಸಕರು ಅದರ ಅಂಚಿನಲ್ಲಿ ಎರಡು ಸಾಲು ಗೀಚಿ ಸಹಿ ಹಾಕುತ್ತಾರೆ. ಅದೇ ಷರಾ. ಸಹಿ ಬಿತ್ತಲ್ಲ, ಕೆಲಸ ಆಯ್ತು ಅಂತ ಜನ ಖುಷಿಯಾಗಿ ಹೊರಡುತ್ತಿದ್ದರು. ಏನು ಬರೆದಿದ್ದಾರೆ ಅಂತ ಓದಿದವರು ತೀರಾ ಕಡಿಮೆ.

"ತಹಶೀಲ್ದಾರ್, ಸೂಕ್ತ ಕ್ರಮಕ್ಕಾಗಿ" ಅಂತಿದ್ದರೆ ಅದು ಬಹುಪಾಲು ಟೊಳ್ಳು. "ಪರಿಶೀಲಿಸಿ" ಅಂತಿದ್ದರೂ ಅಷ್ಟೇ. ಆಫೀಸಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. "ನಿಯಮಾನುಸಾರ ಕ್ರಮ ಕೈಗೊಂಡು 10 ದಿನದೊಳಗೆ ವರದಿ ನೀಡಿ" ಅಂತಿದ್ದರೆ ಗುಮಾಸ್ತ ಆ ಕಾಗದವನ್ನು ಬೇರೆ ಫೈಲಿಗೆ ಹಾಕುತ್ತಾನೆ. ಅದಕ್ಕೆ ಉತ್ತರ ಬರೆಯಬೇಕಲ್ಲ! ಹಾಗಾಗಿ ನಿಂತಲ್ಲೇ ಮೆಲ್ಲಗೆ ಕೇಳಿ: "ಸರ್, ವರದಿ ಕೊಡಿ ಅಂತ ಒಂದು ಮಾತು ಸೇರಿಸ್ತೀರಾ?" ನನ್ನ ಕಾಲದಲ್ಲಿ ಹೀಗೆ ಕೇಳಿದವರಿಗೆ ಇಲ್ಲ ಅಂದದ್ದು ನೋಡಿಲ್ಲ. ಕೇಳಿದವರೇ ಇಲ್ಲ ಅನ್ನುವಷ್ಟು ಕಡಿಮೆ, ಅದು ಬೇರೆ ಮಾತು.

ಆಮೇಲೆ ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಸಂಬಂಧಪಟ್ಟ ಆಫೀಸಿನ ಟಪಾಲು ವಿಭಾಗಕ್ಕೆ ನೀವೇ ಹೋಗಿ ಕೊಡಿ. ನಿಮ್ಮ ನಕಲಿನ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ (ಆಫೀಸಿಗೆ ಬಂದ ಕಾಗದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ. ಇನ್‌ವರ್ಡ್ ನಂಬರ್ ಇಲ್ಲದ ಅರ್ಜಿ ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ.

ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ

ಶಾಸಕರು ಮೂರು ವೇಷದಲ್ಲಿ ಕೆಲಸ ಮಾಡುತ್ತಾರೆ. ಪತ್ರ ಬರೆಯುತ್ತಾರೆ. ತಾಲ್ಲೂಕಿನ ಸಮಿತಿಗಳಲ್ಲಿ ಅಧ್ಯಕ್ಷರಾಗಿ ಕೂರುತ್ತಾರೆ. ಸದನದಲ್ಲಿ ಮಾತಾಡುತ್ತಾರೆ. ಈ ಮೂರರಲ್ಲಿ ಪತ್ರಕ್ಕೇ ಬಲ ಕಡಿಮೆ. ಆದರೆ ಗೇಟಿನ ಮುಂದೆ ನಿಂತ ಹತ್ತರಲ್ಲಿ ಒಂಬತ್ತು ಜನ ಬರುತ್ತಿದ್ದದ್ದು ಪತ್ರಕ್ಕೇ.

ಇನ್ನು ದುಡ್ಡು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದು ಶಾಸಕರ ಜೇಬಿಗೆ ಬರುವುದಿಲ್ಲ. ಇವರು ಕಾಮಗಾರಿ ಸೂಚಿಸುತ್ತಾರೆ, ದುಡ್ಡು ಬಿಡುಗಡೆ ಆಗುವುದು ಜಿಲ್ಲಾಧಿಕಾರಿ ಕಡೆಯಿಂದ. 2 ಕೋಟಿ ಅಂದರೆ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಕ್ಷೇತ್ರದಲ್ಲಿ 200 ಹಳ್ಳಿ ಇದ್ದರೆ ಹಳ್ಳಿಗೆ 1 ಲಕ್ಷ. ಒಂದು ಶಾಲೆ ಕೊಠಡಿಯೂ ಏಳುವುದಿಲ್ಲ. ಆದ್ದರಿಂದ "ನಿಮ್ಮ ಫಂಡಲ್ಲಿ ಹಾಕ್ಕೊಡಿ" ಅನ್ನುವ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಇಲಾಖೆಯ ಯೋಜನೆಯಲ್ಲಿ ದುಡ್ಡು ಇದೆಯಾ ಅಂತ ಮೊದಲು ಹುಡುಕಿ. ಇದ್ದರೆ ಅದನ್ನು ನಮ್ಮೂರಿಗೆ ಎಳೆಸಿ ಅಂತ ಕೇಳಿ.

ದುಡಿಮೆ ವಿಷಯ

ಕಂಪನಿಗೆ ಶಿಫಾರಸು ಪತ್ರ ಕೇಳುವವರು ದಿನಕ್ಕೆ ಐದಾರು ಜನ. ಲೆಟರ್‌ಹೆಡ್ಡಿನಲ್ಲಿ ನಾನೇ ಟೈಪ್ ಮಾಡುತ್ತಿದ್ದೆ, ಮಧ್ಯದ ಹೆಸರಷ್ಟೇ ಬದಲು. ಅಂಥ ಪತ್ರದಿಂದ ಕೆಲಸ ಸಿಕ್ಕಿದ್ದು ನನ್ನ ನೆನಪಿನಲ್ಲಿ ಎರಡೋ ಮೂರೋ. ಅದರಲ್ಲಿ ಒಂದು ಹುಡುಗಿಗೆ ಪತ್ರ ಇಲ್ಲದಿದ್ದರೂ ಸಿಗುತ್ತಿತ್ತು, ಐಟಿಐಯಲ್ಲಿ ಅಷ್ಟು ಚೆನ್ನಾಗಿ ಓದಿದ್ದಳು.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಕೈಗಾರಿಕೆಗೆ ಅಂತ ಸರ್ಕಾರ ಜಮೀನು ಕೊಟ್ಟಿದೆಯಾ? ಸವಲತ್ತು ಪಡೆದ ಕಾರ್ಖಾನೆಗಳು ಒಟ್ಟು ಕೆಲಸದಲ್ಲಿ 70% ಕನ್ನಡಿಗರಿಗೆ, ಡಿ ಗುಂಪಿನಲ್ಲಿ, ಅಂದರೆ ಕೆಳಹಂತದ ಕೆಲಸದಲ್ಲಿ, 100% ಕೊಡಬೇಕು ಅಂತ ರಾಜ್ಯದ ಕೈಗಾರಿಕಾ ನೀತಿಗಳೇ ಹೇಳುತ್ತಾ ಬಂದಿವೆ. ಹಾಗಿದ್ದರೆ ಯಾವ ಕಾರ್ಖಾನೆಯಲ್ಲಿ ಎಷ್ಟು ಜನ ಸ್ಥಳೀಯರಿದ್ದಾರೆ? ಈ ಲೆಕ್ಕವನ್ನು ಶಾಸಕರು ಇಲಾಖೆಯಿಂದ ತರಿಸಬಹುದು. 2024ರ ಜುಲೈನಲ್ಲಿ ಸಂಪುಟ ಒಂದು ಮಸೂದೆಗೆ ಒಪ್ಪಿತ್ತು. ಆಡಳಿತ ಹುದ್ದೆಯಲ್ಲಿ 50%, ಉಳಿದದ್ದರಲ್ಲಿ 70% ಸ್ಥಳೀಯರಿಗೆ ಅಂತ. ಗಲಾಟೆ ಎದ್ದಿದ್ದೇ ತಡ, ಎರಡೇ ದಿನದಲ್ಲಿ ತಡೆಹಿಡಿದರು. ಹಾಗಾಗಿ ವೇದಿಕೆ ಮೇಲೆ ಯಾರಾದರೂ "ಸ್ಥಳೀಯರಿಗೆ ಕೆಲಸ" ಅಂತ ಗುಡುಗಿದರೆ ಚಪ್ಪಾಳೆ ಆಮೇಲೆ ಹೊಡೆಯಿರಿ. ಹೋದ ವರ್ಷದ ಪಟ್ಟಿ ಎಲ್ಲಿ ಅಂತ ಮೊದಲು ಕೇಳಿ.

ಗಂಗಾ ಕಲ್ಯಾಣ ಇನ್ನೊಂದು. ಸರ್ಕಾರದ ಅಭಿವೃದ್ಧಿ ನಿಗಮಗಳಿಂದ ಸಣ್ಣ ರೈತರಿಗೆ ಬೋರ್‌ವೆಲ್ ಕೊರೆಸಿ, ಮೋಟಾರು ಇಳಿಸಿ, ಕರೆಂಟ್ ಕೊಡುವ ಯೋಜನೆ. ಕ್ಷೇತ್ರಕ್ಕೆ ಇಷ್ಟು ಅಂತ ಗುರಿ ಇರುತ್ತೆ. ಫಲಾನುಭವಿಗಳನ್ನು ಆರಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಇಲ್ಲಿ ಅವರ ಸಹಿಗೆ ನಿಜವಾದ ತೂಕ ಇದೆ. ಅದಕ್ಕೇ ಇಲ್ಲಿ ಹಿಂಬಾಲಕರ ನೂಕುನುಗ್ಗಲೂ ಜಾಸ್ತಿ. ನೀವು ಮಾಡಬೇಕಾದದ್ದು ಇಷ್ಟು. ಅರ್ಜಿ ಕರೆದಾಗ ಆನ್‌ಲೈನಿನಲ್ಲಿ ಹಾಕಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಮಿತಿ ಸಭೆ ಯಾವತ್ತು ಅಂತ ನಿಗಮದ ಆಫೀಸಿನಲ್ಲಿ ವಿಚಾರಿಸಿ. ಸಭೆಗೆ ಒಂದು ವಾರ ಮುಂಚೆ ಶಾಸಕರನ್ನು ನೋಡಿ. ಸಭೆ ಮುಗಿದ ಮೇಲೆ ಹಾರ ಹಿಡಿದು ಬಂದರೆ ಪ್ರಯೋಜನವಿಲ್ಲ.

ಬೋರ್ ಕೊರೆದು, ನೀರೂ ಬಿದ್ದು, ಕರೆಂಟ್ ಇಲ್ಲದೆ ಎರಡು ವರ್ಷ ಒಣಗಿ ನಿಂತ ಹೊಲಗಳನ್ನು ನಾನು ಕಂಡಿದ್ದೇನೆ. ಕೇಸಿಂಗ್ ಪೈಪಿನ ಬಾಯಿಗೆ ಗೋಣಿಚೀಲ ಕಟ್ಟಿ, ಮೇಲೊಂದು ಕಲ್ಲು. ರೈತ ಒಬ್ಬನೇ ಹೋಗಿ ಕೇಳಿದರೆ "ಎಸ್ಟಿಮೇಟ್ ಆಗಬೇಕು" ಅನ್ನುವ ಉತ್ತರ. ಕೆಡಿಪಿ ಸಭೆಯಲ್ಲಿ ಶಾಸಕರು "ಕೊರೆದದ್ದೆಷ್ಟು, ಕರೆಂಟ್ ಕೊಟ್ಟದ್ದೆಷ್ಟು?" ಅಂತ ಎರಡೇ ಅಂಕಿ ಕೇಳಿದರೆ ಎಂಜಿನಿಯರ್ ಬೆವರುತ್ತಾರೆ. ಕೆಡಿಪಿ ಅಂದರೆ ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಪ್ರಗತಿ ಪರಿಶೀಲನೆ. ಎಲ್ಲ ಇಲಾಖೆಯವರೂ ಒಂದೇ ಹಾಲಿನಲ್ಲಿ ಕೂತಿರುತ್ತಾರೆ. ನಿಮ್ಮ ಅಂಕಿಗಳನ್ನು ಅರ್ಧ ಹಾಳೆಯಲ್ಲಿ ಬರೆದು ಸಭೆಗೆ ಎರಡು ದಿನ ಮುಂಚೆ ಪಿಎ ಕೈಗೆ ಕೊಡಿ. ಶಾಸಕರಿಗೂ ಸಭೆಯಲ್ಲಿ ಕೇಳಲು ಏನಾದರೂ ಬೇಕಿರುತ್ತೆ. ಎಷ್ಟೋ ಸಲ ಏನೂ ಇರುತ್ತಿರಲಿಲ್ಲ, ನಾನೇ ಹುಡುಕಿ ಕೊಡುತ್ತಿದ್ದೆ.

ಆಸ್ಪತ್ರೆ: ನಾನು ಮಾಡಿದ ತಪ್ಪು

2019ರ ಶುರುವಿನಲ್ಲಿ ಒಬ್ಬ ಟೈಲರ್ ಬಂದಿದ್ದರು. ಹೃದಯದ ಆಪರೇಷನ್ ಆಗಬೇಕು, ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ ಬೇಕು ಅಂದರು. ರೂಢಿಯಂತೆ ಟೈಪ್ ಮಾಡಿದೆ, ಸಹಿ ಹಾಕಿಸಿದೆ, ಕಳಿಸಿದೆ. ಮೂರು ವಾರ ಕಾದರು. ಆಮೇಲೆ ಯಾರೋ ನರ್ಸ್ ಅವರನ್ನು ಕೇಳಿದ್ದಾರೆ, "ಬಿಪಿಎಲ್ ಕಾರ್ಡ್ ಇಲ್ವಾ ನಿಮ್ಮತ್ರ?" ಇತ್ತು. ನಾನು ಅದನ್ನು ಕೇಳಿರಲೇ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಯೋಜನೆಯಡಿ ಇರುವ ಆಸ್ಪತ್ರೆಗೆ ಹೋಗಿದ್ದರೆ ಕೆಲಸ ಆಗುತ್ತಿತ್ತು. ಆಮೇಲೆ ಹಾಗೇ ಆಯಿತು, ಅವರು ಬದುಕಿದರು. ಆದರೆ ಆ ಮೂರು ವಾರ ನನ್ನ ಲೆಕ್ಕಕ್ಕೇ ಸೇರಿದ್ದು.

ಹಾಗಾಗಿ ಆಸ್ಪತ್ರೆ ವಿಷಯದಲ್ಲಿ ಮೊದಲು ಶಾಸಕರ ಮನೆಗೆ ಹೋಗಬೇಡಿ. ರೇಷನ್ ಕಾರ್ಡು, ಆಧಾರ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಕೇಳಿ. ತುರ್ತು ಇದ್ದರೆ ರೆಫರಲ್ ಕಾಯುವುದೂ ಬೇಡ. ಎಪಿಎಲ್ ಕಾರ್ಡಿನವರಿಗೂ ಪ್ಯಾಕೇಜ್ ದರದ 30% ಸಿಗುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಪರಿಹಾರ ನಿಧಿ ಇದೆಲ್ಲ ಆದಮೇಲಿನ ದಾರಿ. ಅದಕ್ಕೆ ಹೋಗುವುದಾದರೆ ಬಿಲ್ಲುಗಳನ್ನು ಜೋಪಾನ ಮಾಡಿ.

ಹಾಗಾದರೆ ಶಾಸಕರು ಬೇಕಾಗುವುದು ಯಾವುದಕ್ಕೆ? ಆಸ್ಪತ್ರೆಗೆ, ಒಬ್ಬ ರೋಗಿಗೆ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ, ಶಾಸಕರೇ ಅಧ್ಯಕ್ಷರು. ಎಷ್ಟೋ ಕಡೆ ಈ ಸಮಿತಿ ಕಾಗದದ ಮೇಲೆ ಮಾತ್ರ ಸೇರುತ್ತೆ. ಕೊನೆಯ ಸಭೆ ಯಾವತ್ತು ನಡೀತು ಅಂತ ಕೇಳಿ ನೋಡಿ, ಮುಖಗಳು ಬದಲಾಗುತ್ತವೆ.

ಜನ ಸಾಮಾನ್ಯವಾಗಿ ಸ್ಕ್ಯಾನಿಂಗ್ ಮಷೀನ್ ಕೇಳುತ್ತಾರೆ. ಮಷೀನ್ ಬರುತ್ತೆ, ರಿಬ್ಬನ್ ಕಟ್ ಆಗುತ್ತೆ, ಫೋಟೋ ಬರುತ್ತೆ. ಅದನ್ನು ನಡೆಸುವವರು ಬರುವುದಿಲ್ಲ. ನಮ್ಮಲ್ಲಿ ಒಳ್ಳೆ ಹೆರಿಗೆ ವೈದ್ಯೆ ಇದ್ದರು, ಆಪರೇಷನ್ ಥಿಯೇಟರ್ ಇತ್ತು, ಆದರೂ ಸಿಸೇರಿಯನ್ ಅಂದರೆ ರಾತ್ರಿ ಹೊತ್ತು ಜಿಲ್ಲಾ ಆಸ್ಪತ್ರೆಗೆ ಆಂಬುಲೆನ್ಸ್. ಕಾರಣ ಅರಿವಳಿಕೆ ವೈದ್ಯರ ಹುದ್ದೆ ಖಾಲಿ. ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಆ ವೈದ್ಯೆಯನ್ನೇ ಬೈಯುತ್ತಿದ್ದರು, ಪಾಪ. ಒಬ್ಬ ಆಶಾ ಕಾರ್ಯಕರ್ತೆ ಎರಡು ತಿಂಗಳಲ್ಲಿ ಜಿಲ್ಲೆಗೆ ಕಳಿಸಿದ ಹೆರಿಗೆಗಳನ್ನು ಬರೆದಿಟ್ಟುಕೊಂಡು ಬಂದು ತೋರಿಸಿದ ಮೇಲೆ ನಮಗೆ ಹೊಳೆಯಿತು. ಶಾಸಕರು ಸಮಿತಿ ಸಭೆಯಲ್ಲಿ ಅದನ್ನೇ ಹಿಡಿದರು. ವಾರಕ್ಕೆ ಮೂರು ದಿನ ಬೇರೆ ಆಸ್ಪತ್ರೆಯಿಂದ ಅರಿವಳಿಕೆ ವೈದ್ಯರ ನಿಯೋಜನೆ ಆಯಿತು. ಪೂರ್ತಿ ಪರಿಹಾರ ಅಲ್ಲ. ಆದರೆ ಮಂಗಳವಾರ, ಗುರುವಾರ, ಶನಿವಾರ ಹೆರಿಗೆ ಊರಲ್ಲೇ ಆಗುತ್ತಿತ್ತು.

ಶಾಲೆ: ಆಯ್ಕೆ ಯಾರಿಗಿದೆ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಜನ ಜಾಸ್ತಿ ಮೋಸಹೋಗುವುದು ಇಲ್ಲೇ.

ಪ್ರತಿ ಬೇಸಿಗೆಯಲ್ಲೂ "ಆರ್‌ಟಿಇ ಸೀಟ್ ಕೊಡ್ಸಿ" ಅಂತ ಬರುತ್ತಿದ್ದರು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯ 25% ಸೀಟು ಬಡ, ಹಿಂದುಳಿದ ಮಕ್ಕಳಿಗೆ. ಅರ್ಜಿ ಆನ್‌ಲೈನ್, ಆಯ್ಕೆ ಲಾಟರಿ. ಶಾಸಕರ ಪತ್ರಕ್ಕೆ ಲಾಟರಿಯಲ್ಲಿ ಜಾಗವಿಲ್ಲ. ಆದರೂ ಪತ್ರ ಬರೆದುಕೊಡುತ್ತಿದ್ದೆವು. ಇಲ್ಲ ಅನ್ನುವುದಕ್ಕಿಂತ ಟೈಪ್ ಮಾಡುವುದು ಸುಲಭ, ನೋಡಿ. ಇದೊಂದು ವಿಷಯಕ್ಕೆ ನನಗೆ ಈಗಲೂ ನಾಚಿಕೆ ಇದೆ.

2019ರಲ್ಲಿ ನಿಯಮವೇ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಅಂತಾಯಿತು. ಅದೇ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಇಲ್ಲದ ಊರು ನಮ್ಮಲ್ಲಿ ಎಷ್ಟಿವೆ? ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಈಗ ಯಾರಾದರೂ "ಸೀಟ್ ಕೊಡಿಸ್ತೀನಿ" ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಉಳಿದ ಬಾಗಿಲುಗಳಿವೆ. ಮಗು ಐದನೇ ಕ್ಲಾಸಿನಲ್ಲಿದ್ದರೆ ಎಚ್ಚರ ಇರಲಿ, ಆರನೇ ಕ್ಲಾಸಿಗೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಜವಾಹರ್ ನವೋದಯ ಇವೆ. ಎಲ್ಲಕ್ಕೂ ಪ್ರವೇಶ ಪರೀಕ್ಷೆ. ಇಲ್ಲೂ ಪತ್ರ ನಡೆಯುವುದಿಲ್ಲ, ಮಗು ಓದಬೇಕು ಅಷ್ಟೇ. ಅರ್ಜಿ ತಾರೀಖು ತಪ್ಪಿಸಿಕೊಳ್ಳಬೇಡಿ.

ಹಾಗಾದರೆ ಶಾಸಕರು ಕೊಡಿಸಬಹುದಾದ ಆಯ್ಕೆ ಯಾವುದು? ಊರ ಶಾಲೆಯನ್ನೇ ಆಯ್ಕೆ ಮಾಡಿಕೊಳ್ಳುವಂತೆ ಮಾಡುವುದು. ಒಂದು ಘಟನೆ ಹೇಳುತ್ತೇನೆ.

2019-20ರಿಂದ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ಅಂತ ಸರ್ಕಾರ ತೀರ್ಮಾನಿಸಿತು. 224 ಕ್ಷೇತ್ರಕ್ಕೆ ಹಂಚಿದರೆ ತಲಾ ನಾಲ್ಕೂವರೆ. ಕನ್ನಡದ ಗತಿಯೇನು ಅಂತ ಬೇಸರಪಟ್ಟವರಲ್ಲಿ ನಾನೂ ಒಬ್ಬ. ಆದರೆ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಕಾಸಿದ್ದವರ ಮಕ್ಕಳು ಆಗಲೇ ಖಾಸಗಿ ಶಾಲೆ ವ್ಯಾನ್ ಹತ್ತಿದ್ದರು. ನನ್ನ ಮೊಮ್ಮಗನೂ ಅದರಲ್ಲೇ ಇದ್ದ, ಸುಳ್ಳು ಯಾಕೆ ಹೇಳಲಿ.

ಇಂಗ್ಲಿಷ್ ವಿಭಾಗ ನಮ್ಮೂರಿಗೆ ಬೇಕು ಅಂತ ಎರಡು ಊರಿನವರು ಬಂದರು. ಮೊದಲ ಊರಿನಿಂದ ಎರಡು ಟ್ರ್ಯಾಕ್ಟರ್ ತುಂಬ ಜನ, ಸೇಬಿನ ಹಾರ, ಪಟಾಕಿ. ಎರಡನೇ ಊರಿನಿಂದ ಮೂವರು ಹೆಂಗಸರು, ಕೈಯಲ್ಲಿ ಮಕ್ಕಳ ನೋಟ್‌ಬುಕ್ಕಿನಿಂದ ಕಿತ್ತ ಗೆರೆ ಹಾಳೆ. ಅವರಲ್ಲಿ ಒಬ್ಬಾಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಹಾಳೆಯಲ್ಲಿ ಹೀಗಿತ್ತು: ಶಾಲೆಯಲ್ಲಿ ಈಗಿರುವ ಮಕ್ಕಳು 58. ಮುಂದಿನ ವರ್ಷ ಒಂದನೇ ಕ್ಲಾಸಿಗೆ ಬರುವ ಮಕ್ಕಳು, ಹೆಸರು ಸಮೇತ, 21. ಖಾಲಿ ಕೊಠಡಿ 2. ಇಂಗ್ಲಿಷ್ ಪಾಠ ಮಾಡಬಲ್ಲ ಟೀಚರ್ 1. ದಿನಾ ಖಾಸಗಿ ಶಾಲೆ ವ್ಯಾನಿಗೆ ಹತ್ತುವ ಮಕ್ಕಳು 37. ಕೊನೆಯ ಅಂಕಿ ಎಲ್ಲಿಂದ ಬಂತು ಅಂತ ಕೇಳಿದೆ. "ಒಂದು ವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಸ್ಟಾಪಲ್ಲಿ ನಿಂತು ಎಣಿಸಿದೆ ಸಾರ್" ಅಂದಳು ಆಕೆ. ಶಾಸಕರು ಆ ಹಾಳೆಯನ್ನೇ ಬಿಇಒಗೆ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಕಳಿಸಿದರು. ಮೇಲಿನವರು ಅದರ ಮೇಲೆ ಕೇಳುವುದಕ್ಕೆ ಪ್ರಶ್ನೆಯೇ ಉಳಿದಿರಲಿಲ್ಲ. ಪಟ್ಟಿಯಲ್ಲಿ ಎರಡನೇ ಊರು ಬಂತು. ಹಾರ ಹಾಕಿದವರು ನನ್ನ ಮೇಲೆ ಒಂದು ವರ್ಷ ಮುನಿಸಿಕೊಂಡಿದ್ದರು.

ನಿಮ್ಮ ಶಾಲೆಗೂ ಇಂಥದ್ದೇ ಹಾಳೆ ಮಾಡಿ. ಶಿಕ್ಷಕರು ಸಾಲದಿದ್ದರೆ ಕಾಯ್ದೆಯ ಲೆಕ್ಕ ಹಾಕಿ: 60 ಮಕ್ಕಳವರೆಗೆ ಇಬ್ಬರು ಇರಲೇಬೇಕು, ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬರು. "ಇಂಥ ಮೇಷ್ಟ್ರನ್ನೇ ವರ್ಗ ಮಾಡಿಸಿ" ಅಂತ ಕೇಳಬೇಡಿ. ವರ್ಗಾವಣೆಗೆ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ. "ಜೂನ್‌ನಲ್ಲೇ ಅತಿಥಿ ಶಿಕ್ಷಕರನ್ನು ಕೊಡಿ" ಅಂತ ಕೇಳಿ, ಅದು ಆಗುವ ಕೆಲಸ. ಪಿಯು ಕಾಲೇಜಾದರೆ ಇನ್ನೂ ನೇರ, ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಮತ್ತೆ ಒಂದು ವಿಷಯ ಮರೆಯಬೇಡಿ, ವಿಧಾನ ಪರಿಷತ್ತಿನ 75 ಜನರಲ್ಲಿ 7 ಜನ ಶಿಕ್ಷಕರ ಕ್ಷೇತ್ರದಿಂದ, 7 ಜನ ಪದವೀಧರರ ಕ್ಷೇತ್ರದಿಂದ ಬಂದವರು. ಶಾಲೆ ವಿಷಯಕ್ಕೆ ಅವರ ಮನೆ ಮುಂದೆ ಕ್ಯೂ ಕಡಿಮೆ.

ಸದನದಲ್ಲಿ ಪ್ರಶ್ನೆ ಕೇಳಿಸುವುದು

ತುಂಬಾ ಜನಕ್ಕೆ ಗೊತ್ತಿಲ್ಲದ ದಾರಿ ಇದು. ಅಧಿವೇಶನ ಶುರುವಾಗುವ ಮುಂಚೆ ಶಾಸಕರು ಲಿಖಿತವಾಗಿ ಪ್ರಶ್ನೆ ಕೊಡುತ್ತಾರೆ. ಚುಕ್ಕೆ ಗುರುತಿನದಾದರೆ ಸದನದಲ್ಲಿ ಬಾಯಿಮಾತಿನ ಉತ್ತರ, ಚುಕ್ಕೆ ಇಲ್ಲದ್ದಾದರೆ ಬರಹದಲ್ಲಿ ಉತ್ತರ. ನನ್ನನ್ನು ಕೇಳಿದರೆ ಬರಹದ್ದೇ ಮೇಲು. ಮಂತ್ರಿಗಳ ಹೆಸರಲ್ಲಿ ಅಂಕಿ ಸಮೇತ ಕಾಗದ ಸಿಗುತ್ತೆ, ವಿಧಾನಸಭೆಯ ಜಾಲತಾಣದಲ್ಲೂ ಹಾಕುತ್ತಾರೆ.

ಪ್ರಶ್ನೆಯನ್ನು ನೀವೇ ಬರೆದುಕೊಟ್ಟರೆ ಪಿಎಗೆ ಹಬ್ಬ. ಆದರೆ "ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಮಾತ್ರ ಶುರು ಮಾಡಬೇಡಿ. ನಾನು ಮೊದಲ ವರ್ಷ ಹಾಗೇ ಬರೆದು ಕೆಟ್ಟೆ. ಉತ್ತರ ಬಂತು: "(ಅ) ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ." ಮೂರು ಸಾಲಿನಲ್ಲಿ ಫೈಲ್ ಕ್ಲೋಸ್. ಹೀಗೆ ಬರೆಯಿರಿ: "(ಅ) ಇಂಥ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ತಜ್ಞ ವೈದ್ಯರ ಹುದ್ದೆಗಳೆಷ್ಟು? (ಆ) ಖಾಲಿ ಇರುವುವೆಷ್ಟು, ಯಾವ ದಿನಾಂಕದಿಂದ? (ಇ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?" ಇದಕ್ಕೆ "ಉದ್ಭವಿಸುವುದಿಲ್ಲ" ಅನ್ನಲು ಬರುವುದಿಲ್ಲ. ಮಂತ್ರಿಗಳು ಸದನದಲ್ಲಿ "ಮಾಡುತ್ತೇವೆ" ಅಂತ ಒಪ್ಪಿಕೊಂಡರೆ ಅದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ.

ಬೆನ್ನು ಹತ್ತುವುದು

ಷರಾದಲ್ಲಿ ಬರೆದ ಗಡುವು ಮುಗಿದ ಮಾರನೇ ದಿನ ಇನ್‌ವರ್ಡ್ ನಂಬರ್ ಹಿಡಿದು ಆಫೀಸಿಗೆ ಹೋಗಿ. ಬಾಯಿಮಾತು ಬೇಡ, ಹಿಂಬರಹ ಕೊಡಿ ಅನ್ನಿ. ಕೊಡದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಕೇಳಬೇಕಾದದ್ದು ಎರಡೇ, ಬೇರೆ ಬೇರೆ ಅರ್ಜಿಯಲ್ಲಿ: ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆ, ಸಮಿತಿ ಸಭೆಯ ನಡವಳಿಯ ನಕಲು. 30 ದಿನದಲ್ಲಿ ಉತ್ತರ ಬರಬೇಕು. ಬಂದ ನಡವಳಿಯನ್ನು ಶಾಸಕರಿಗೂ ತೋರಿಸಿ. ತಾವೇ ಅಧ್ಯಕ್ಷರಾಗಿ ಸಹಿ ಹಾಕಿದ್ದನ್ನು ಅವರೂ ಎಷ್ಟೋ ಸಲ ಓದಿರುವುದಿಲ್ಲ.

ಇನ್ನು ಹೊತ್ತು ಗೊತ್ತು. ಸೋಮವಾರ ಬೇಡ, ಜಾತ್ರೆಯ ಹಾಗಿರುತ್ತೆ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಅರ್ಜಿ ಕೊಡಬೇಡಿ, ಅದು ಡ್ರೈವರ್ ಸೀಟಿನ ಹಿಂದಿನ ಜೇಬಿಗೆ ಹೋಗುತ್ತೆ. ಹಳೇ ಕಾರು ಮಾರುವಾಗ ಆ ಜೇಬಿನಿಂದ ನಾನು 63 ಅರ್ಜಿ ತೆಗೆದೆ. ಒಂದರ ಹಿಂದೆ ಊಟದ ಮೆನು ಬರೆದಿತ್ತು.